ಚಿತ್ರತುರಗವೂ ಕೋಲುಕುದುರೆಯೂ: ಮಕ್ಕಳ ಚಿತ್ರಪುಸ್ತಕದಿಂದ ಹುಟ್ಟುವ ಆಟದ ಸಾಮಗ್ರಿಯನ್ನು ಕುರಿತು

ಮಕ್ಕಳ ಸಾಹಿತ್ಯದ ವಿಮರ್ಶೆಯು ನಮ್ಮಲ್ಲಿ ಬಹುಮಟ್ಟಿಗೆ ಭಾಷೆ, ನೀತಿ, ಛಂದಸ್ಸುಗಳ ವಿಚಾರದಲ್ಲಿಯೇ ನಿಂತಿದೆ. ಪುಸ್ತಕದಲ್ಲಿಯ ಚಿತ್ರಗಳ ಮಾತು ಬಂದಾಗ ‘ಅಂದವಾಗಿವೆ’, ‘ಮನಸ್ಸನ್ನು ಸೆಳೆಯುವಂತಿವೆ’ ಎಂಬ ಒಂದೆರಡು ನುಡಿಗಳಿಂದ ವಿಮರ್ಶಕನು ತೃಪ್ತನಾಗುತ್ತಾನೆ. ಆ ಪುಸ್ತಕವನ್ನು ನೋಡಿದ ಮಗುವು ಅದನ್ನು ಮುಚ್ಚಿಟ್ಟು, ಮನೆಯಲ್ಲಿ ಸಿಕ್ಕ ಅರಿವೆ, ದಂಟು, ಮಣ್ಣುಗಳಿಂದ ಕಥೆಯ ವಸ್ತುಗಳನ್ನು ತಾನೇ ಮಾಡಿಕೊಂಡು ಆಡತೊಡಗಿದಾಗ ನಡೆಯುವ ವ್ಯಾಪಾರವು ಎಂತಹದು? ಈ ಪ್ರಶ್ನೆಯನ್ನು ಕೇಳಿದವರು ವಿರಳ. ಹೀಗೆ ಮಾಡಿದ ಆಟದ ಸಾಮಗ್ರಿಯನ್ನು ಚಿತ್ರದ ನಕಲೆಂದು ತಿಳಿಯುವುದು ರೂಢಿಯಾಗಿದೆ. ಅದು ಕೃತಿಯ ಒಂದು ವ್ಯಾಖ್ಯಾನವೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ. ನಕಲೆಂದೇ ತಿಳಿದು ಮಕ್ಕಳ ಕೆಲಸಕ್ಕೆ ಅಂಕ ಕೊಡುವ ಪದ್ಧತಿಯು ಶಾಲೆಗಳಲ್ಲಿ ಹಬ್ಬಿರುವಾಗ ಈ ವಿಚಾರವನ್ನು ಕೇವಲ ಶಾಸ್ತ್ರಚರ್ಚೆಯೆಂದು ಬದಿಗಿಡುವಂತಿಲ್ಲ.

ಭಾರತೀಯ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಶ್ರೀಶಂಕುಕನ ‘ಚಿತ್ರತುರಗ ನ್ಯಾಯ’ವು ಪರಿಚಿತವಾದುದು. ಭಿತ್ತಿಯ ಮೇಲೆ ಬರೆದ ಕುದುರೆಯನ್ನು ನೋಡಿದವನು ಅದನ್ನು ಕುದುರೆಯೆಂದೇ ಗ್ರಹಿಸುವನು. ಆ ಗ್ರಹಿಕೆಯನ್ನು ಸತ್ಯಜ್ಞಾನವೆನ್ನಲೂ ಬಾರದು, ಭ್ರಾಂತಿಯೆನ್ನಲೂ ಬಾರದು. ನಟನಲ್ಲಿ ರಾಮನನ್ನು ಕಾಣುವುದೂ ಇಂತಹದೇ ಎಂದು ಶಂಕುಕನು ವಾದಿಸಿದನು. ಅಭಿನವಗುಪ್ತನ ಗುರುವಾದ ಭಟ್ಟತೌತನು ಈ ಅನುಕರಣವಾದವನ್ನು ಖಂಡಿಸಿದನು. ಯಾವುದಕ್ಕೆ ಸದೃಶವೆಂದು ಅಳೆಯಲು ಪ್ರೇಕ್ಷಕನ ಮುಂದೆ ಮೂಲವೇ ಇಲ್ಲದಿರುವಾಗ ಅನುಕರಣವೆಂಬ ಮಾತಿಗೆ ಆಧಾರವೇನು ಎಂಬುದು ಆತನ ಆಕ್ಷೇಪಣೆಗಳಲ್ಲಿ ಒಂದು. ನಮ್ಮ ಕಾಲದಲ್ಲಿ ಕಲೆಯ ಇತಿಹಾಸಕಾರ ಗಾಂಬ್ರಿಚ್‌ನು ಮಗುವಿನ ಕೋಲುಕುದುರೆಯನ್ನು ಕುರಿತು ೧೯೫೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬೇರೊಂದು ದಾರಿಯಿಂದ ಬಂದು ಇಂತಹುದೇ ಸಂದೇಹವನ್ನು ಎತ್ತಿದ್ದಾನೆ. ಕೋಲು ಕುದುರೆಯನ್ನು ಹೋಲುವುದಿಲ್ಲ. ಆದರೆ ಅದನ್ನು ಏರಬಹುದು. ಏರಲು ಬರುವುದೆಂಬ ಕಾರಣದಿಂದಲೇ ಅದು ಕುದುರೆಯಾಯಿತು. ಸಾದೃಶ್ಯಕ್ಕಿಂತ ಕ್ರಿಯೆಯು ಮುಂಚಿನದು. ಚಿತ್ರಪುಸ್ತಕದಲ್ಲಿರುವುದು ಚಿತ್ರತುರಗ, ಮಗುವಿನ ಕೈಗೆ ಬರುವುದು ಕೋಲುಕುದುರೆ. ಇವೆರಡರ ನಡುವಣ ದೂರವನ್ನು ಮಗುವು ಹೇಗೆ ದಾಟುವುದೆಂಬುದೇ ನಮ್ಮ ವಿಷಯ.

ಈ ದಾಟುವಿಕೆಗೆ ಬೇಕಾದ ಕೈವಿದ್ಯೆಯನ್ನು ಗದಗ ತಾಲ್ಲೂಕಿನ ಕೋಟುಮಚಗಿಯಂತಹ ಎರೆಸೀಮೆಯ ಊರುಗಳು ಬಹುಕಾಲದಿಂದ ಕಾಪಾಡಿಕೊಂಡು ಬಂದಿವೆ. ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಆಳಿಕೆಯ ೧೦೧೨ರ ಶಾಸನವು ಕೋಟುಮಚಗಿಯನ್ನು ಉಮ್ಮಚಿಗೆ ಎಂಬ ಅಗ್ರಹಾರವಾಗಿ ಪರಿಚಯಿಸಿ, ಅಲ್ಲಿ ಶಾಸ್ತ್ರಪಾಠ ಹೇಳುವವರಿಗೆ ಭೂಮಿ ಬಿಟ್ಟ ಸಂಗತಿಯನ್ನು ತಿಳಿಸುತ್ತದೆ. ಅಕ್ಷರವಿದ್ಯೆಗೆ ಇಂತಹ ದತ್ತಿಗಳು ಬೇಕಾದವು. ಮಣ್ಣೆತ್ತಿನ ವಿದ್ಯೆಯು ದತ್ತಿಯಿಲ್ಲದೆಯೇ ನಡೆದುಬಂದಿತು. ಕಾರಹುಣ್ಣಿಮೆಯು ಕಳೆದ ಮೇಲೆ ಬರುವ ಮಣ್ಣೆತ್ತಿನ ಅಮವಾಸ್ಯೆಗೆ ಈ ಸೀಮೆಯ ಮನೆಗಳಲ್ಲಿ ಎರೆಮಣ್ಣಿನಿಂದ ಎತ್ತುಗಳನ್ನೂ ಅವುಗಳ ಮುಂದೆ ಗೋದಲಿಯನ್ನೂ ಮಾಡಿ ಪೂಜಿಸುವರು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ ಮೊದಲಾದ ಕಾಳುಗಳಿಂದ ಸಿಂಗರಿಸುವರು. ಸುಗ್ಗಿಯ ಕಾಲಕ್ಕೆ ಜೋಳದ ದಂಟಿನ ಚಕ್ಕಡಿಯು ಸಿದ್ಧವಾಗುವುದು: ದಂಟಿನ ಗಟ್ಟಿಯಾದ ಸಿಪ್ಪೆಯನ್ನು ಸೀಳಿ ಕಡ್ಡಿಗಳನ್ನು ಮಾಡಿ, ಒಳಗಿನ ಬೆಂಡನ್ನು ತುಂಡರಿಸಿ, ಬೆಂಡಿಗೆ ಕಡ್ಡಿಯನ್ನು ಚುಚ್ಚಿ ಜೋಡಿಸಿದರೆ ಅಂಟು, ಮೊಳೆಗಳ ಹಂಗಿಲ್ಲದೆ ಬಂಡಿಯು ನಿಲ್ಲುವುದು. ಎರೆಮಣ್ಣು ಒಣಗಿದಂತೆ ಕುಗ್ಗಿ ಬಿರಿಯುತ್ತದೆಂಬುದನ್ನೂ, ಎತ್ತಿನ ಕೊಂಬು ತೆಳುವಾದರೆ ಮುರಿಯುತ್ತದೆಂಬುದನ್ನೂ ಮಗುವು ಪಾಠದಿಂದ ಕಲಿಯುವುದಿಲ್ಲ. ಬಿರಿದ ಎತ್ತಿನಿಂದ ಕಲಿಯುತ್ತದೆ.

ಆದರೆ ಈ ಪರಂಪರೆಗೂ ಒಂದು ಮಿತಿಯುಂಟು. ಹಿರಿಯರು ಮಾಡಿದ ಎತ್ತನ್ನೇ ಕಿರಿಯರೂ ಮಾಡುವರು. ಕಣ್ಣೆದುರಿಗೆ ಇಲ್ಲದ ವಸ್ತುವನ್ನು ಮಾಡಬೇಕೆಂಬ ಆಸೆಯನ್ನು ರೂಢಿಯು ಸಾಮಾನ್ಯವಾಗಿ ಹುಟ್ಟಿಸಲಾರದು. ಅದನ್ನು ಹುಟ್ಟಿಸುವುದು ಕಥೆ ಮತ್ತು ಚಿತ್ರ. ಕೈಯು ಪರಂಪರೆಯಿಂದ ಬರಬೇಕು, ಬಯಕೆಯು ಪುಸ್ತಕದಿಂದ ಬರಬೇಕು. ಎರಡೂ ಕೂಡಿದಲ್ಲಿ ಮಾತ್ರ ಹೊಸ ಆಟವು ಹುಟ್ಟುತ್ತದೆ.

ಇದನ್ನು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಮೂಲಕ ಪರೀಕ್ಷಿಸೋಣ. ೧೯೨೦ರ ದಶಕದಲ್ಲಿ ರಚಿತವಾದ ಈ ಕಥನಕವನವು ಚಿತ್ರಗಳೊಡನೆ ಅಚ್ಚಾಗಿ ಮಕ್ಕಳ ಕೈಸೇರಿದೆ. ಶಾಲೆಯ ರಂಗದ ಮೇಲೂ ಮತ್ತೆ ಮತ್ತೆ ಬಂದಿದೆ. ೧೮೪೨ರಲ್ಲಿ ಪ್ರಕಟವಾದ ಬ್ರೌನಿಂಗ್ ಕವಿಯ ಕವನವು ಇದಕ್ಕೆ ಪ್ರೇರಣೆ. ಅಲ್ಲಿಯ ನಾಯಕನು ಕೊಳಲೂದುವವನು. ಇಲ್ಲಿ ಅವನು ಕಿಂದರಿಯನ್ನು ಹಿಡಿದ ಜೋಗಿಯಾಗಿದ್ದಾನೆ. ಕಥೆಯು ತುಂಗೆಯ ದಡಕ್ಕೆ ಬಂದಿದೆ. ಈ ಬದಲಾವಣೆಯನ್ನು ದೇಸೀಕರಣವೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಆಟದ ಸಾಮಗ್ರಿಯನ್ನು ಮಾಡಹೊರಟ ಮಗುವಿಗೆ ಅದು ಬಹು ದೊಡ್ಡ ಬದಲಾವಣೆಯಾಗುತ್ತದೆ. ಕೊಳಲಿಗೆ ಯಾವುದಾದರೊಂದು ಕೋಲು ಸಾಕು. ಕಿಂದರಿಗೆ ಬುರುಡೆ ಬೇಕು, ದಂಡ ಬೇಕು, ತಂತಿ ಬೇಕು. ಚಿತ್ರದಲ್ಲಿ ಕಿಂದರಿಯು ಒಂದೇ ಮಗ್ಗುಲಿನಿಂದ ಕಾಣುವುದು. ಮಾಡುವವನಿಗೆ ಹಿಂಬದಿಯೂ ಬೇಕು. ತಂತಿಯನ್ನು ಎಲ್ಲಿ ಕಟ್ಟಿದೆ? ಬುರುಡೆಯು ದಂಡಕ್ಕೆ ಹೇಗೆ ನಿಂತಿದೆ? ಚಿತ್ರಕಾರನು ಉತ್ತರಿಸದೆ ಬಿಟ್ಟ ಈ ಪ್ರಶ್ನೆಗಳಿಗೆ ಒಣಗಿದ ಸೋರೆಬುರುಡೆಯೋ ತೆಂಗಿನ ಚಿಪ್ಪೋ ಉತ್ತರ ಕೊಡಬೇಕಾಗುತ್ತದೆ. ದಾರವು ಸಡಿಲವಾಗಿದ್ದರೆ ನಾದವಿಲ್ಲ. ಬಿಗಿದರೆ ದಂಡವು ಬಾಗುತ್ತದೆ. ಕಿನ್ನರಿ ಹಿಡಿದು ಕಥೆ ಹಾಡುವ ಜೋಗಿಗಳನ್ನು ಕಂಡ ಹಳ್ಳಿಯಲ್ಲಾದರೆ ಮಗುವು ಹಿರಿಯರನ್ನು ಕೇಳಿಯೇ ಕೇಳುವುದು. ಹೀಗೆ ಒಂದು ಚಿತ್ರವು ಪುಸ್ತಕದ ಹೊರಗಿನ ತಿಳಿವಳಿಕೆಯ ಕಡೆಗೆ ದಾರಿ ತೋರಿಸುತ್ತದೆ.

ಇಲಿಗಳ ವಿಷಯವು ಇನ್ನೂ ಬೋಧಪ್ರದವಾದುದು. ಊರೆಲ್ಲ ತುಂಬಿದ ಇಲಿಗಳನ್ನು ಚಿತ್ರಕಾರನು ಒಂದು ಪುಟದಲ್ಲಿ ಬರೆಯಬಲ್ಲನು. ಮಗುವಿಗೆ ಅದು ಅಸಾಧ್ಯ. ಎರೆಮಣ್ಣಿನಿಂದ ಹತ್ತು ಇಲಿಗಳನ್ನು ಮಾಡಿದರೆ ಅವು ನೋಡಲು ಇಲಿಗಳಂತೆಯೇ ಇರಬಹುದು. ಆದರೆ ಜೋಗಿಯು ಕಿಂದರಿಯನ್ನು ಬಾರಿಸುತ್ತ ನಡೆದಾಗ ಅವು ಕುಳಿತಲ್ಲಿಯೇ ಕುಳಿತಿರುತ್ತವೆ. ಆಟವು ಅಲ್ಲಿಗೆ ಕೆಟ್ಟಿತು. ಹಳೆಯ ಅರಿವೆಯ ಉಂಡೆಗಳನ್ನು ಒಂದೇ ದಾರಕ್ಕೆ ಸಾಲಾಗಿ ಕಟ್ಟಿ ಜೋಗಿಯ ಸೊಂಟಕ್ಕೆ ಬಿಗಿದರೆ, ಕಿವಿ ಮೀಸೆಗಳಿಲ್ಲದ ಆ ಉಂಡೆಗಳೇ ನಿಜವಾದ ಇಲಿಗಳಾಗುತ್ತವೆ. ಏಕೆಂದರೆ ಅವು ಹಿಂಬಾಲಿಸುತ್ತವೆ. ‘ಹಿಂಬಾಲಿಸು’ ಎಂಬುದೇ ಈ ಕಥೆಯ ಮುಖ್ಯ ಕ್ರಿಯೆ. ಇಲಿಗಳು ಹಿಂಬಾಲಿಸಿದುವು, ಕೊಟ್ಟ ಮಾತಿಗೆ ಗೌಡನು ತಪ್ಪಿದ ಮೇಲೆ ಮಕ್ಕಳೂ ಹಿಂಬಾಲಿಸಿದರು. ಇಲಿಗಳ ದಾರವನ್ನು ಬಿಚ್ಚಿಟ್ಟು, ಅದೇ ಜೋಗಿಯ ಹಿಂದೆ ತಾವೇ ಸಾಲಾಗಿ ನಡೆಯುವಾಗ ಆಡುವ ಮಕ್ಕಳು ಈ ಎರಡು ಮೆರವಣಿಗೆಗಳ ಸಂಬಂಧವನ್ನು ಮಾತಿಲ್ಲದೆ ಅರಿಯುತ್ತಾರೆ. ಕೃತಿಯ ಬಂಧವನ್ನು ತೋರಿಸುವುದು ವಿಮರ್ಶೆಯ ಕೆಲಸವಾದರೆ, ಇಲ್ಲಿ ಆ ಕೆಲಸವನ್ನು ಅರಿವೆಯ ಉಂಡೆಗಳು ಮಾಡಿವೆ. ಗೌಡನ ಹಣದ ಚೀಲಕ್ಕೆ ಹುಣಸೆಬೀಜವನ್ನು ತುಂಬಿ ಹಿಡಿದ ಹುಡುಗನು, ಕೊಡದೆ ಉಳಿಸಿಕೊಂಡ ಚೀಲದ ಭಾರವನ್ನು ಆಟ ಮುಗಿಯುವವರೆಗೂ ಹೊರಬೇಕಾಗುತ್ತದೆ. ನೀತಿಯನ್ನು ಕೊನೆಯಲ್ಲಿ ಬೇರೆಯಾಗಿ ಹೇಳುವ ಅವಶ್ಯಕತೆ ಉಳಿಯುವುದಿಲ್ಲ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಯು ಬರಬಹುದು. ಮಣ್ಣು, ಅರಿವೆ, ದಂಟುಗಳನ್ನು ಹೊಗಳುವುದೆಂದರೆ ಬಡತನವನ್ನು ಹೊಗಳಿದಂತಾಗದೆ? ಒಳ್ಳೆಯ ಆಟಿಕೆಯನ್ನು ಕೊಳ್ಳಲಾರದ ಮನೆಯ ಮಗುವಿಗೆ ‘ನಿನಗೆ ಮಣ್ಣೇ ಸಾಕು’ ಎಂದು ಹೇಳುವ ಅಧಿಕಾರವು ಯಾರಿಗಿದೆ? ಶೂದ್ರಕನ ‘ಮೃಚ್ಛಕಟಿಕ’ದ ಆರನೆಯ ಅಂಕವು ಈ ಪ್ರಶ್ನೆಯನ್ನು ಎಂದೋ ಕೇಳಿದೆ. ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿಬಂದ ರೋಹಸೇನನು ಮಣ್ಣಿನ ಬಂಡಿಯನ್ನು ಒಲ್ಲೆನೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನು ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಮುಂದೆ ಅವೇ ಒಡವೆಗಳು ಚಾರುದತ್ತನಿಗೆ ವಿರುದ್ಧವಾದ ಸಾಕ್ಷ್ಯವಾಗುತ್ತವೆ. ಕವಿಯು ಮಗುವಿನ ಅಳುವನ್ನು ಹುಸಿಯೆನ್ನಲಿಲ್ಲ; ನಾವೂ ಎನ್ನಬಾರದು. ಆದರೆ ಆ ಮಣ್ಣಿನ ಬಂಡಿಯು ರೋಹಸೇನನು ತಾನೇ ಮಾಡಿದುದಲ್ಲ, ದಾಸಿಯಾದ ರದನಿಕೆಯು ಮಾಡಿಕೊಟ್ಟುದು ಎಂಬುದನ್ನು ಗಮನಿಸಬೇಕು. ಚಿನ್ನದ ಬಂಡಿಗೆ ಬದಲಾಗಿ ಕೊಟ್ಟ ಮಣ್ಣಿನ ಬಂಡಿಯು ಎಂದಿಗೂ ಕೀಳಾದ ನಕಲೇ. ಮಗುವೇ ಮಾಡಿದ ಬಂಡಿಯ ಮಾತು ಬೇರೆ. ಅದಕ್ಕೆ ಮೂಲವಾಗಿರುವುದು ನೆರೆಮನೆಯ ಬಂಡಿಯಲ್ಲ, ಮಗುವಿನ ಮನಸ್ಸಿನಲ್ಲಿರುವ ಕಥೆ. ಆದುದರಿಂದ ಮಣ್ಣು ಸಾಕೆಂದು ಹೇಳಿ ಪುಸ್ತಕವನ್ನು ಕೊಡದಿರುವುದು ಅನ್ಯಾಯ. ಅದರಂತೆಯೇ ಪುಸ್ತಕವನ್ನು ಕೊಟ್ಟು ಕೈಗೆ ಕೆಲಸವಿಲ್ಲದಂತೆ ಮಾಡುವುದೂ ಅನ್ಯಾಯ.

ಎರಡನೆಯ ಅನ್ಯಾಯವು ಈಗ ಹೆಚ್ಚುತ್ತಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಳೆಯ ಮಕ್ಕಳ ಕಲಿಕೆಯಲ್ಲಿ ಆಟಕ್ಕೆ ಮುಖ್ಯ ಸ್ಥಾನವನ್ನು ಕೊಟ್ಟಿತು, ಅದು ಸ್ವಾಗತಾರ್ಹ. ಆದರೆ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಅನೇಕ ಮನೆಗಳಲ್ಲಿ ನಡೆಯುವುದೇನು? ಅಂಗಡಿಯಿಂದ ಥರ್ಮೋಕೋಲು, ಬಣ್ಣದ ಹಾಳೆಗಳು ಬರುತ್ತವೆ. ಪುಸ್ತಕದ ಚಿತ್ರವನ್ನು ಅಚ್ಚುಕಟ್ಟಾಗಿ ಕತ್ತರಿಸಿ ಅಂಟಿಸುವವರು ತಾಯಿತಂದೆಗಳು. ಮಗುವು ಅದನ್ನು ಶಾಲೆಗೆ ಹೊತ್ತು ಅಂಕವನ್ನು ತರುತ್ತದೆ. ಆ ಇಲಿಗೆ ಮೀಸೆಯಿದೆ, ಕಿವಿಯಿದೆ. ಅದು ಯಾರನ್ನೂ ಹಿಂಬಾಲಿಸುವುದಿಲ್ಲ. ಪ್ರದರ್ಶನದ ಮೇಜಿನ ಮೇಲೆ ಒಂದು ದಿನ ನಿಂತು ಕಸಕ್ಕೆ ಹೋಗುತ್ತದೆ. ರದನಿಕೆಯ ಬಂಡಿಯ ಸ್ಥಿತಿಯೇ ಇದಕ್ಕೂ ಬಂದಿದೆ.

ಇಷ್ಟರಿಂದ ಅಧ್ಯಾಪಕರ ವಿಚಾರಕ್ಕೆ ಎರಡು ಮಾತುಗಳು ಫಲಿಸುತ್ತವೆ. ಚಿತ್ರಪುಸ್ತಕವನ್ನು ಆರಿಸುವಾಗ, ಅದು ಮಗುವಿನ ಕೈಗೆ ಏನನ್ನು ಉಳಿಸಿದೆ ಎಂಬುದನ್ನು ನೋಡಬೇಕು. ವಸ್ತುವಿನ ಜೋಡಣೆಯನ್ನು ಸ್ಪಷ್ಟವಾಗಿ ಸೂಚಿಸಿ ಉಳಿದುದನ್ನು ಬಿಟ್ಟುಕೊಡುವ ಸರಳ ರೇಖೆಯ ಚಿತ್ರವು, ಎಲ್ಲವನ್ನೂ ತುಂಬಿ ಹೊಳಪು ಕೊಟ್ಟ ಚಿತ್ರಕ್ಕಿಂತ ಈ ದೃಷ್ಟಿಯಿಂದ ಮೇಲು. ಮಕ್ಕಳು ಮಾಡಿ ತಂದ ವಸ್ತುವನ್ನು ಬೆಲೆಗಟ್ಟುವಾಗ, ಅದು ಚಿತ್ರದಂತಿದೆಯೇ ಎಂದು ಕೇಳುವ ಮೊದಲು, ಕಥೆಯಲ್ಲಿ ಅದು ಮಾಡಬೇಕಾದುದನ್ನು ಮಾಡುತ್ತದೆಯೇ ಎಂದು ಕೇಳಬೇಕು. ಹೀಗೆ ಕೇಳಲು ಅಧ್ಯಾಪಕನು ಆ ವಸ್ತುವನ್ನು ಮೇಜಿನಿಂದ ಇಳಿಸಿ, ಮಕ್ಕಳು ಅದರೊಡನೆ ಆಡುವುದನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕಾಗುವುದು. ಅಂಕ ಹಾಕುವುದಕ್ಕಿಂತ ಅದು ಹೆಚ್ಚು ಕಾಲವನ್ನು ಬೇಡುವ ಕೆಲಸ; ಕಾವ್ಯವನ್ನು ಓದುವ ಕೆಲಸವೂ ಅಂತಹುದೇ.