ಹಾಡಿನ ಭಾರ ಒಂದೇ ಬ್ಯಾಟರಿಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಡೆಕ್ಕು ಕೂಡಿಸುವ ಕೈಗಳಿಗೆ ಒಂದು ಹೆಸರಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲಿ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರಿನ ಮಡ್ಗಾರ್ಡಿನ ಮೇಲೆ ಸ್ಪೀಕರ್ ಪೆಟ್ಟಿಗೆ ಬಂತು. ಬಿಸಿಲು, ಧೂಳು, ಗದ್ದೆಯ ರಾಡಿ, ಇಂಜಿನ್ನಿನ ಗದ್ದಲ ಇಷ್ಟೆಲ್ಲವನ್ನೂ ದಾಟಿ ಹಾಡು ಕೇಳಿಸುವುದು ಸಣ್ಣ ಕೆಲಸವಲ್ಲ. ಆ ಹೆಸರು ದುಡಿದು ಗಳಿಸಿದ್ದು. ತಕರಾರು ಇರುವುದು ಅದೇ ಹೆಸರನ್ನು ಬ್ಯಾಟರಿ ಆಟೋದ ತನಕ ಎಳೆದು ತಂದದ್ದಕ್ಕೆ.

ಕಾರಿನ ಡೆಕ್ಕನ್ನು ಬ್ಯಾಟರಿ ಗಾಡಿಗೆ ಹಾಕುವ ಚಟ ಜಗತ್ತಿನ ತುಂಬ ಇದೆ. ಅಮೆರಿಕದಲ್ಲಿ ಗಾಲ್ಫ್ ಕಾರ್ಟಿಗೆ ಹಾಕಿಸುತ್ತಾರೆ. ಈ ಭಾಗದವರು ಆ ಜಾತಿಯ ಗಾಡಿ ಹತ್ತಬೇಕೆಂದರೆ ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ದಾರಿಗೇ ಹೋಗಬೇಕು. ಕಲ್ಲಿನ ಕಂಬದಲ್ಲೇ ಸ್ವರ ಹುಡುಕುವ ಜಾಗಕ್ಕೆ ಹೊರಟ ಗಾಡಿಗೆ ಡೆಕ್ಕಿನ ಹಂಗಿಲ್ಲ ಬಿಡಿ. ಊರೊಳಗಿನ ಅದರ ತಮ್ಮ ಇ-ರಿಕ್ಷಾ. ಮೂರು ಗಾಲಿ, ನಾಲ್ಕು ಜನ ಪ್ರಯಾಣಿಕರು, 2014ರ ನಿಯಮದ ಪ್ರಕಾರ ಗಂಟೆಗೆ 25 ಕಿ.ಮೀ. ಮೀರದ ಓಟ. ಇಂಜಿನ್ನಿನ ಸದ್ದೇ ಇಲ್ಲದ ಗಾಡಿಯಲ್ಲಿ ಕೂತವನಿಗೆ ಹಾಡು ಬೇಕೆನಿಸುವುದು ಸಹಜ.

ಎಡವಟ್ಟು ಶುರುವಾಗುವುದು ಇಲ್ಲಿ. ಆಸಿಡ್ ಬ್ಯಾಟರಿಯ ಇ-ರಿಕ್ಷಾದಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿ 48 ವೋಲ್ಟ್ ಮಾಡಿರುತ್ತಾರೆ. ಡೆಕ್ಕಿಗೆ ಬೇಕಾದದ್ದು 12. ಟ್ರ್ಯಾಕ್ಟರಿನಲ್ಲಿ ಪಳಗಿದ ಕೈ ಸೀಟು ಎತ್ತುತ್ತದೆ, ಕೈಗೆ ಹತ್ತಿರವಾದ ಬ್ಯಾಟರಿಗೆ ಹಳದಿ ಮತ್ತು ಕಪ್ಪು ವೈರು ಬಿಗಿಯುತ್ತದೆ. ಯಾರಾದರೂ ಕೇಳಿದರೆ ಉತ್ತರ ಸಿದ್ಧ: "ಹನ್ನೆರಡೇ ವೋಲ್ಟ್ ಬೇಕಲ್ರೀ, ಒಂದಕ್ಕ ಹಚ್ಚಿದ್ರ ಆತು. ಸುಮ್ಮನ ಕನ್ವರ್ಟರಿಗೆ ಯಾಕ ರೊಕ್ಕ ಹಾಕ್ತೀರಿ?"

ಹಾಡು ಆ ಕ್ಷಣಕ್ಕೇ ಹತ್ತುತ್ತದೆ. ಈ ಕೆಲಸಕ್ಕೆ ಬಂದ ಕೀರ್ತಿಯೆಲ್ಲ ಆ ಮೊದಲ ಹಾಡಿನದು.

ಲೆಕ್ಕ ಹಾಕಿ ನೋಡಬೇಕು. ಹದವಾದ ದನಿಯಲ್ಲಿ ಡೆಕ್ಕು ಎರಡೂವರೆ ಆಂಪಿಯರ್ ಎಳೆಯಿತು ಅನ್ನೋಣ. ದಿನಕ್ಕೆ ಎಂಟು ತಾಸು ಹಾಡಿದರೆ 20 ಆಂಪಿಯರ್-ಅವರ್. ಬ್ಯಾಟರಿ 100 ಆಂಪಿಯರ್-ಅವರಿನದಾದರೆ ಆ ಒಂದರಿಂದ ಐದನೇ ಒಂದು ಪಾಲು ಹಾಡಿಗೇ ಹೋಯಿತು. ಗಾಡಿ ಎಳೆಯುವ ಕೆಲಸದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ, ಉಳಿದ ಮೂರರ ಸಮಕ್ಕೆ ಅದೂ ಎಳೆಯಬೇಕು. ಇದೇ ಹಾಡನ್ನು 48 ವೋಲ್ಟಿನ ಎರಡು ತುದಿಯಿಂದ, ಅದನ್ನು 12ಕ್ಕೆ ಇಳಿಸುವ ಕನ್ವರ್ಟರ್ ಮೂಲಕ ತೆಗೆದಿದ್ದರೆ ಪ್ರತಿ ಬ್ಯಾಟರಿಗೆ ಬೀಳುತ್ತಿದ್ದದ್ದು 5, ಕನ್ವರ್ಟರ್ ತಿನ್ನುವ ಪಾಲು ಸೇರಿಸಿದರೂ ಆರರ ಒಳಗೆ. ಹಾಡು ಅದೇ, ಕರೆಂಟಿನ ಖರ್ಚೂ ಹೆಚ್ಚುಕಡಿಮೆ ಅದೇ. ಎಲ್ಲಿಂದ ತೆಗೆದರು ಅನ್ನುವುದಷ್ಟೇ ಬೇರೆ.

ರಾತ್ರಿ ಚಾರ್ಜಿಗೆ ಹಚ್ಚಿದಾಗ ಗಾಯ ಮಾಯುತ್ತದೆ ಎಂದುಕೊಂಡವರಿಗೆ ಇನ್ನೊಂದು ಮಾತು. ಚಾರ್ಜರಿಗೆ ಕಾಣುವುದು 48 ವೋಲ್ಟಿನ ಒಟ್ಟು ಸಾಲು ಮಾತ್ರ. ನಾಲ್ಕಕ್ಕೂ ಒಂದೇ ಕರೆಂಟು ಹಾಯುತ್ತದೆ. ಮೂರು ಮೊದಲೇ ತುಂಬಿ ಕುದಿಯುತ್ತವೆ, ನೀರು ಕಳೆದುಕೊಳ್ಳುತ್ತವೆ. ಹಾಡಿದ ನಾಲ್ಕನೆಯದು ಅರೆಹೊಟ್ಟೆಯಲ್ಲೇ ಏಳುತ್ತದೆ, ಅದರ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತ ಹೋಗುತ್ತದೆ. ಕೊನೆಗೆ ಗಾಡಿ ಎಷ್ಟು ದೂರ ಓಡಬೇಕೆಂದು ನಿರ್ಧರಿಸುವುದು ಆ ಸೊರಗಿದ ಒಂದೇ. ಟ್ರ್ಯಾಕ್ಟರಿನಲ್ಲಿ ಈ ಪಾಪ ತಟ್ಟುವುದಿಲ್ಲ. ಅಲ್ಲಿ ಇಂಜಿನ್ ತಿರುಗುವಷ್ಟು ಹೊತ್ತೂ ಆಲ್ಟರ್ನೇಟರ್ ತುಂಬುತ್ತಲೇ ಇರುತ್ತದೆ.

ಬಾಡಿ ಅರ್ಥ್, ಅಂದರೆ ಗಾಡಿಯ ಕಬ್ಬಿಣವನ್ನೇ ಮೈನಸ್ ವೈರಾಗಿ ಬಳಸುವ ವಿಷಯದಲ್ಲಂತೂ ಟ್ರ್ಯಾಕ್ಟರಿನ ಅಭ್ಯಾಸ ಅಪಾಯಕ್ಕೇ ಹೋಗುತ್ತದೆ. ಡೆಕ್ಕಿನ ತಗಡಿನ ಮೈ ಅದರ ಕಪ್ಪು ವೈರಿಗೆ ಕೂಡಿರುತ್ತದೆ. ಪ್ಲಸ್ ತುದಿಯ ನಾಲ್ಕನೇ ಬ್ಯಾಟರಿಗೆ ಹಚ್ಚಿದರೆ ಆ ಕಪ್ಪು ವೈರು ಸಾಲಿನ ಮೈನಸ್ಸಿಗಿಂತ 36 ವೋಲ್ಟ್ ಮೇಲಿರುತ್ತದೆ. ಗಾಡಿಯ ಕಬ್ಬಿಣಕ್ಕೆ ಮೈನಸ್ ಕೊಟ್ಟಿದ್ದು, ಡೆಕ್ಕಿನ ಮೈ ಎಲ್ಲೋ ಅದಕ್ಕೆ ತಾಗಿದರೆ ಮೂರು ಬ್ಯಾಟರಿಗಳ ಪೂರ್ತಿ ಬಲ ಆ ಸಣ್ಣ ಕಪ್ಪು ವೈರಿಗೆ ನುಗ್ಗುತ್ತದೆ. ಫ್ಯೂಸ್ ಇದೆಯಲ್ಲ ಅನ್ನುವಂತಿಲ್ಲ. ಅದು ಕೂತದ್ದು ಹಳದಿ ವೈರಿನಲ್ಲಿ.

ಇದನ್ನೆಲ್ಲ ಒಪ್ಪಿಯೂ ಹಳೆಯ ದಾರಿ ಬಿಡದ ಒಂದು ಪಂಥವಿದೆ. ತಿಂಗಳಿಗೊಮ್ಮೆ ಬ್ಯಾಟರಿಗಳ ಜಾಗ ಬದಲಿಸಿದರೆ ಸರಿಹೋಗುತ್ತದೆ ಅನ್ನುವುದು ಅವರ ವಾದ. ಇದು ಒಬ್ಬನ ಹೊಟ್ಟೆನೋವನ್ನು ನಾಲ್ವರಿಗೆ ಸರದಿ ಹಚ್ಚಿದಂತೆ. ತಿಂಗಳು ತುಂಬುವಷ್ಟರಲ್ಲಿ ಆ ಬ್ಯಾಟರಿಗೆ ಆಗಬೇಕಾದದ್ದು ಆಗಿರುತ್ತದೆ, ಜಾಗ ಬದಲಿಸಿದರೆ ಅದು ತಿರುಗಿ ಬಾರದು. ಮೇಲಾಗಿ ಪ್ರತಿ ಸಲ ಆ ಭಾರದ ಪೆಟ್ಟಿಗೆಗಳನ್ನು ಎತ್ತಿಳಿಸಿ, ಟರ್ಮಿನಲ್ ಬಿಚ್ಚಿ ಬಿಗಿಯಬೇಕು. ಒಂದು ನಟ್ಟು ಸಡಿಲಾದರೂ ಅಲ್ಲಿ ಕಾವು ಹುಟ್ಟುತ್ತದೆ. ಕನ್ವರ್ಟರಿನ ದುಡ್ಡು ಉಳಿಸಲು ಇಷ್ಟು ಮೈಮುರಿಯುವವರು ತಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಇವರಿಗೆ ಎದುರಾಗಿ ನಿಂತ ಶುದ್ಧವಾದಿಗಳೂ ಅಷ್ಟೇ ತಪ್ಪು. ಡೆಕ್ಕು ಹಾಕಿದರೆ ಮೈಲೇಜ್ ಹೋಯಿತು, ಹಾಡೇ ಬೇಡ ಅನ್ನುತ್ತಾರೆ. 48 ವೋಲ್ಟ್, 100 ಆಂಪಿಯರ್-ಅವರ್ ಅಂದರೆ 4800 ವ್ಯಾಟ್-ಅವರ್. ಮೇಲಿನ ಎಂಟು ತಾಸಿನ ಹಾಡಿಗೆ ಬೇಕಾದದ್ದು 240. ನೂರಕ್ಕೆ ಐದು! ನಾಲ್ಕು ಜನರ ಜಾಗದಲ್ಲಿ ಆರು ಜನರನ್ನು ತುಂಬುವವರು ಹಾಡಿನ ಮೇಲೆ ಗೂಬೆ ಕೂರಿಸುವುದು ತಮಾಷೆ. ಗದ್ದಲದ ಮಾತು ಬೇರೆ. ರಾತ್ರಿ 10ರಿಂದ ಬೆಳಗಿನ 6ರ ತನಕದ ಕಟ್ಟುಪಾಡು 2000ದ ಶಬ್ದಮಾಲಿನ್ಯ ನಿಯಮದಲ್ಲೇ ಇದೆ, ಅದಕ್ಕೂ ವೈರಿಂಗಿಗೂ ಸಂಬಂಧವಿಲ್ಲ.

ಗದ್ದಲದ ಭಯವೂ ಸ್ಟಿಕ್ಕರ್ ನೋಡಿ ಹುಟ್ಟಿದ್ದು. ಡೆಕ್ಕಿನ ಮೇಲೆ 50×4 ವ್ಯಾಟ್ ಎಂದಿರುತ್ತದೆ. 12 ವೋಲ್ಟಿನಲ್ಲಿ 4 ಓಮ್‌ನ ಸ್ಪೀಕರಿಗೆ ದನಿ ಒಡೆಯದೆ ಕೊಡಬಹುದಾದದ್ದು ಹೆಚ್ಚೆಂದರೆ 18 ವ್ಯಾಟ್. ಉಳಿದದ್ದು ಅಂಗಡಿಯ ಅಲಂಕಾರ.

ಕನ್ವರ್ಟರಿಗೂ ಕುಂದುಗಳಿವೆ, ಹೇಳದಿದ್ದರೆ ತಪ್ಪಾದೀತು. ಅಗ್ಗದ್ದು ಸ್ಪೀಕರಿನಲ್ಲಿ ಕುಂಯ್ ಎನ್ನುತ್ತದೆ, ಎಫ್‌ಎಂ ಸ್ಟೇಷನ್ ಮೇಲೆ ಸರಸರ ಸದ್ದು ತರುತ್ತದೆ. ಗಾಡಿಯ ಲೈಟು, ಹಾರ್ನಿಗೆಂದು ಮೊದಲೇ ಇರುವ ಸಣ್ಣ ಕನ್ವರ್ಟರಿಗೆ ಡೆಕ್ಕನ್ನೂ ಹೇರಿದರೆ ಅದು ಸೋಲುತ್ತದೆ. 10 ಆಂಪಿಯರಿನ ಬೇರೆಯದೇ ಬೇಕು, 48 ವೋಲ್ಟಿನ ಕಡೆ ಬ್ಯಾಟರಿಯ ಬುಡದಲ್ಲೇ ಒಂದು ಫ್ಯೂಸ್ ಬೇಕು. ಕೀಲಿ ತೆಗೆದಾಗ ಕನ್ವರ್ಟರ್ ಆರಿದರೆ ಹಳದಿ ವೈರೂ ಸಾಯುತ್ತದೆ, ಡೆಕ್ಕು ಗಡಿಯಾರ ಮರೆಯುತ್ತದೆ. ಒಂದೇ ಬ್ಯಾಟರಿಗೆ ಹಚ್ಚುವವರು ಕೊನೆಗೆ ಹಿಡಿಯುವ ನೆಪವೂ ಇದೇ. ಮರೆತರೆ ಮರೆಯಲಿ, ವೇಳೆ ನೋಡಲು ಎಲ್ಲರ ಜೇಬಿನಲ್ಲೂ ಫೋನಿದೆ.

ಈಗಾಗಲೇ ಹಾಗೆ ಹಚ್ಚಿಸಿಕೊಂಡವರು ಸಂಜೆ ಗಾಡಿ ನಿಲ್ಲಿಸಿ, ಅರ್ಧ ತಾಸು ಬಿಟ್ಟು, ಚಾರ್ಜಿಗೆ ಹಾಕುವ ಮೊದಲು ನಾಲ್ಕೂ ಬ್ಯಾಟರಿಗೆ ಮೀಟರ್ ಹಿಡಿದು ನೋಡಲಿ. ಡೆಕ್ಕಿನದು ಮಾತ್ರ ಕಾಲು ವೋಲ್ಟಿನಷ್ಟು ಕೆಳಗಿದ್ದರೆ ಆ ವೈರನ್ನು ಅವತ್ತೇ ಬಿಚ್ಚಿಸಲಿ.