ಬಂಡೆಯ ಮೇಲೆ ಹಿಡಿ, ಗರಸಿನ ಮೇಲೆ ಬಿಡು

ಕೂಡ್ಲಿಗಿ ಸೀಮೆಯ ಮರಡಿಗಳನ್ನು ಮೌಂಟೇನ್ ಬೈಕಿನಲ್ಲಿ ಇಳಿಯಲು ಹೊರಟವರೆಲ್ಲ ಮೊದಲು ಹೆದರುವುದು ಕಡಿದಾದ ಹಾಸುಬಂಡೆಗೆ. ನಾನು ಹೆದರುವುದು ಆ ಬಂಡೆ ಮುಗಿದ ಮೇಲಿನ ನಾಲ್ಕು ಮಾರು ನೆಲಕ್ಕೆ. ಕಡಿದಾದ ಕಡೆ ಮಣ್ಣು ನಿಲ್ಲುವುದಿಲ್ಲ, ಮಳೆ ತೊಳೆದುಬಿಡುತ್ತದೆ. ಬರಿಯ ಕಲ್ಲು ಉಳಿಯುತ್ತದೆ. ಒಣಗಿದ ಒರಟು ಕಲ್ಲಿನಷ್ಟು ಚೆನ್ನಾಗಿ ಟಯರನ್ನು ಹಿಡಿಯುವ ನೆಲ ಕಾಡಿನಲ್ಲಿ ಬೇರೊಂದಿಲ್ಲ. ಇಳಿಜಾರು ತುಸು ತಗ್ಗಿ, ಸವಾರ ‘ಸದ್ಯ, ದಾಟಿದೆ’ ಅಂದುಕೊಳ್ಳುವ ಜಾಗದಲ್ಲೇ ಮೇಲಿನಿಂದ ಹರಿದುಬಂದ ಗರಸು ಕೂತಿರುತ್ತದೆ. ಕಣದಲ್ಲಿ ಹರವಿದ ಜೋಳದ ಮೇಲೆ ಓಡಿದವರಿಗೆ ಆ ನೆಲ ಹೇಗಿರುತ್ತದೆಂದು ಗೊತ್ತು.

ಇದು ನಮ್ಮ ಕಲ್ಲಿನ ಗುಣ. ರಾಮನಗರದಿಂದ ಹಂಪಿಯ ಕಡೆಗೆ ಉದ್ದಕ್ಕೂ ಹಬ್ಬಿದ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ಈ ಭಾಗವನ್ನು ಹಾದುಹೋಗುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಈ ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಬಿಸಿಲು ಮಳೆಗೆ ಕೊಳೆತು ಜೇಡಿಯಾಗುತ್ತದೆ, ಬೆಣಚು ಕೊಳೆಯುವುದಿಲ್ಲ. ಹಿಡಿದಿಟ್ಟಿದ್ದ ಫೆಲ್ಡ್‌ಸ್ಪಾರ್ ಕರಗಿ ಹೋದಾಗ ಗಟ್ಟಿ ಬೆಣಚು ಕಾಳು ಕಾಳಾಗಿ ಉದುರಿ ಗರಸಾಗುತ್ತದೆ. ಹಾಗಾಗಿ ಇಲ್ಲಿನ ಪ್ರತಿ ಇಳಿಜಾರಿನಲ್ಲೂ ಅತ್ಯುತ್ತಮ ಹಿಡಿತದ ನೆಲ, ಅತಿ ಕೆಟ್ಟ ಹಿಡಿತದ ನೆಲ ಎರಡೂ ಒಂದರ ಪಕ್ಕ ಒಂದು ಇರುತ್ತವೆ. ಪಶ್ಚಿಮ ಘಟ್ಟದ ಬೇರು, ಕೆಸರು, ತೇವದ ಹಾದಿಯಲ್ಲಿ ಪಳಗಿದವರು ಬಂದರೂ ಇಲ್ಲಿ ಹೊಸದಾಗಿ ಕಲಿಯಬೇಕು.

ಕಲಿಯಬೇಕಾದದ್ದು ಬ್ರೇಕನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು. ಟಯರಿಗೆ ಇರುವುದು ಒಂದಿಷ್ಟೇ ಹಿಡಿತ. ಅದನ್ನೆಲ್ಲ ವೇಗ ತಗ್ಗಿಸಲು ಬಳಸಿಬಿಟ್ಟರೆ ತಿರುಗಲು ಏನೂ ಉಳಿಯುವುದಿಲ್ಲ. ವೇಗವನ್ನೆಲ್ಲ ಬಂಡೆಯ ಮೇಲಿರುವಾಗಲೇ ಇಳಿಸಿಕೊಳ್ಳಬೇಕು. ಗರಸು ಬಂದಾಗ ಬೆರಳು ಸಡಿಲಿಸಿ, ಚಕ್ರ ಉರುಳಲು ಬಿಟ್ಟು, ನೆಟ್ಟಗೆ ದಾಟಬೇಕು. ಮನಸ್ಸು ಹೇಳುವುದು ತದ್ವಿರುದ್ಧ. ಬಂಡೆಯ ಮೇಲೆ ಬ್ರೇಕ್ ಹಿಡಿದರೆ ಮುಗ್ಗರಿಸುತ್ತೇನೆಂಬ ಭಯ, ಗರಸಿನ ಮೇಲೆ ಬಿಟ್ಟರೆ ಜಾರುತ್ತೇನೆಂಬ ಭಯ. ಈ ಎರಡು ಭಯಗಳನ್ನು ಅದಲುಬದಲು ಮಾಡಿಕೊಳ್ಳುವುದಕ್ಕೆ ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ.

ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೆಯುತ್ತೀಯ ಎಂದು ಬಾಡಿಗೆ ಸೈಕಲ್ ಕಲಿಯುವಾಗ ನಮಗೆಲ್ಲ ಹೇಳಿಕೊಟ್ಟಿರುತ್ತಾರೆ. ಆದರೆ ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರವನ್ನು ಹಿಡಿದರೆ ಅದು ನಿಲ್ಲಿಸುವುದಿಲ್ಲ, ಸುಮ್ಮನೆ ಎಳೆದುಕೊಂಡು ಹೋಗುತ್ತದೆ; ಹೋದಲ್ಲೆಲ್ಲ ಗೀರು ಬೀಳುತ್ತದೆ, ಮುಂದಿನ ಮಳೆಗೆ ಆ ಗೀರು ಕೊರಕಲಾಗುತ್ತದೆ. ಕಾಡಿನ ಹಾದಿಯನ್ನು ಹಾಗೆ ಕೆಡಿಸಿ ಇಳಿಯುವುದನ್ನು ನಾನು ಸವಾರಿ ಎಂದು ಕರೆಯಲಾರೆ. ಸೀಟು ತಗ್ಗಿಸಿ, ಪೆಡಲುಗಳನ್ನು ಸಮಕ್ಕೆ ನಿಲ್ಲಿಸಿ, ಹಿಮ್ಮಡಿ ಕೆಳಗೆ ಒತ್ತಿ ನಿಂತು, ಎರಡೂ ಬ್ರೇಕಿನ ಮೇಲೆ ಒಂದೊಂದೇ ಬೆರಳು ಇಟ್ಟರೆ ಸಾಕು. ಸೊಂಟವನ್ನು ಹಿಂದಿನ ಚಕ್ರದ ಆಚೆಗೆ ಎಳೆದುಕೊಂಡು ಕೂರುವವರ ಮುಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ, ತಿರುವಿನಲ್ಲಿ ಅದು ಮೊದಲು ಜಾರುತ್ತದೆ.

ಈ ಆಟ ಹುಟ್ಟಿದ್ದೇ ಬ್ರೇಕಿನ ಕಷ್ಟದ ಜೊತೆ. ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಗುಡ್ಡದಲ್ಲಿ 1976ರ ಅಕ್ಟೋಬರ್ 21ರಂದು ಕೆಲವು ಗೆಳೆಯರು ದಪ್ಪ ಟಯರಿನ ಹಳೇ ಸೈಕಲ್ಲುಗಳಲ್ಲಿ ಪಂದ್ಯ ಕಟ್ಟಿದರು. ಸುಮಾರು 3.4 ಕಿಲೋಮೀಟರ್ ಹಾದಿ, 400 ಮೀಟರಿನಷ್ಟು ಇಳಿತ. ಹಿಂದಿನ ಚಕ್ರದ ಗುಂಬದೊಳಗಿನ ಬ್ರೇಕ್ ಕಾದು, ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಾದ್ದರಿಂದಲೇ ಆ ಹಾದಿಗೆ ‘ರೀಪ್ಯಾಕ್’ ಎಂದು ಹೆಸರಾಯಿತು. ಗ್ಯಾರಿ ಫಿಶರ್ ಎಂಬ ಸವಾರ ಅದನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ದಾಖಲೆಯಾಗಿ ಉಳಿದಿದೆ. ನಮ್ಮ ಮರಡಿಗಳ ಇಳಿತ ಗಿಡ್ಡ. ಡಿಸ್ಕ್ ಬ್ರೇಕ್ ಕಾದು ಸೋಲುವಷ್ಟು ಉದ್ದವಿಲ್ಲ. ಇಲ್ಲಿ ಸೋಲುವುದೇನಿದ್ದರೂ ನೆಲದ ಹಿಡಿತ.

ಹಾದಿ ಆರಿಸುವಾಗ ದನದ ಜಾಡು, ಆಡಿನ ಜಾಡುಗಳ ವ್ಯತ್ಯಾಸ ನೋಡಿ. ದನ ಗುಡ್ಡಕ್ಕೆ ಅಡ್ಡಡ್ಡ ಸುತ್ತಿ ಇಳಿಯುತ್ತದೆ. ಆಡು ಬಂಡೆಯಿಂದ ಬಂಡೆಗೆ ನೇರ ಹಾರುತ್ತದೆ. ಮ್ಯಾಸನಾಯಕ ಸಮುದಾಯದ ದನಗಾಹಿಗಳಾದ ಕಿಲಾರಿಗಳು ದೇವರ ಎತ್ತುಗಳನ್ನು ತಲೆಮಾರುಗಳಿಂದ ಮೇಯಿಸಿದ ಸೀಮೆಯಿದು, ಒಳ್ಳೆಯ ದನದ ಜಾಡುಗಳಿಗೆ ಬರವಿಲ್ಲ. ಹೊಸಬರು ಅವುಗಳಲ್ಲೇ ಪಳಗಲಿ. ಆಡಿನ ಜಾಡಿಗೆ ಇಳಿಯುವ ಮೊದಲು ಸೈಕಲ್ ಹೊತ್ತು ಅದೇ ದಾರಿಯಲ್ಲಿ ಮೇಲಕ್ಕೆ ನಡೆಯಿರಿ. ಮೇಲಿಂದ ಕಾಣದ ಬಂಡೆಯ ಅಂಚು ಕೆಳಗಿಂದ ಕಾಣುತ್ತದೆ. ಬಂಡೆಯ ಮೈಮೇಲಿನ ಕಪ್ಪು ಪಟ್ಟೆಗಳು ನೀರು ಹರಿದು ಪಾಚಿ ಕಟ್ಟಿದ ಜಾಗಗಳು. ಒಣಗಿದ್ದಾಗ ಪರವಾಗಿಲ್ಲ, ಮಳೆ ಬಿದ್ದ ಮಾರನೆಯ ದಿನ ಅವುಗಳ ಮೇಲೆ ಚಕ್ರ ಇಡಬೇಡಿ. ಎಲೆ ಉದುರುವ ಕಾಲದಲ್ಲಿ ಇನ್ನೊಂದು ಎಚ್ಚರ: ತರಗೆಲೆಯ ಕೆಳಗೆ ಸಡಿಲ ಕಲ್ಲೂ ಇರಬಹುದು, ಗುಂಡಿಯೂ ಇರಬಹುದು.

ಕರಡಿಯ ಮಾತು ಬಿಟ್ಟು ಈ ಕಾಡಿನ ಬಗ್ಗೆ ಬರೆಯುವುದು ಸಲ್ಲದು. ಗುಡೇಕೋಟೆ ಸುತ್ತಿನ ಕಾಡು 2013ರಿಂದ ಕರಡಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಅದರೊಳಗೆ ಹೋಗುವಂತಿಲ್ಲ, ಅಲ್ಲಿ ಸೈಕಲ್ ಓಡಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಕರಡಿಗೆ ಧಾಮದ ಗಡಿ ಗೊತ್ತಿಲ್ಲ, ಊರ ಪಕ್ಕದ ಮರಡಿಗೂ ಬರುತ್ತದೆ. ಹಗಲು ಗುಂಡುಗಳ ಸಂದಿಯಲ್ಲಿ ಮಲಗಿ, ಸಂಜೆಯಿಂದ ಬೆಳಗಿನವರೆಗೆ ಗೆದ್ದಲು ಹುತ್ತ, ಕಾರೆ ಕವಳೆ ಹಣ್ಣು ಹುಡುಕುತ್ತ ಓಡಾಡುವ ಪ್ರಾಣಿ. ಅದು ಮೈಮೇಲೆ ಬೀಳುವುದು ಹೆಚ್ಚಾಗಿ ಹತ್ತಿರದಲ್ಲಿ ಥಟ್ಟನೆ ಎದುರಾದಾಗ. ಸದ್ದಿಲ್ಲದೆ ವೇಗವಾಗಿ ಇಳಿಯುವ ಸೈಕಲ್ ಅಂಥ ಮುಖಾಮುಖಿಗೆ ಹೇಳಿ ಮಾಡಿಸಿದ್ದು. ಹೊತ್ತು ಚೆನ್ನಾಗಿ ಏರಿದ ಮೇಲೆ ಹತ್ತಿ, ಬಿಸಿಲು ಬಾಡುವ ಮೊದಲೇ ಇಳಿದು ಮುಗಿಸಬೇಕು. ಹ್ಯಾಂಡಲ್ಲಿಗೆ ಆಡಿನ ಕೊರಳಗಂಟೆ ಕಟ್ಟಬೇಕು. ಬಿಸಿಲಿನ ಹೊತ್ತಿನಲ್ಲೇ ಹೋಗಬೇಕಾದ್ದರಿಂದ ಬೇಸಿಗೆಯ ಸವಾರಿ ತಾನೇ ತಪ್ಪುತ್ತದೆ. ನವೆಂಬರಿನಿಂದ ಫೆಬ್ರುವರಿ ಸಾಕು.

ಟಯರಿನ ವಿಷಯ ಚಿಕ್ಕದು. ಬಳ್ಳಾರಿ ಜಾಲಿಯ ಮುಳ್ಳಿನ ಮುಂದೆ ಟ್ಯೂಬ್ ನಿಲ್ಲುವುದಿಲ್ಲ. ಟ್ಯೂಬ್‌ಲೆಸ್ ಹಾಕಿಸಿ, ಒಳಗೆ ಸೀಲೆಂಟ್ ದ್ರವ ತುಂಬಿಸಿ, ಗಾಳಿ ಕಡಿಮೆ ಇಡಿ.

ಹಡಗಲಿಯಿಂದ ತುಂಗಭದ್ರೆ ದಾಟಿದರೆ ಗದಗ ಜಿಲ್ಲೆ. ಗದಗದಲ್ಲಿ 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು. ಮರುವರ್ಷ ಏಷ್ಯಾ ಚಾಂಪಿಯನ್‌ಷಿಪ್ ಕೇರಳದ ಪೊನ್ಮುಡಿಯಲ್ಲಿ ಆಯಿತು. ಹೊಳೆಯ ಈಚೆ ದಡದಲ್ಲಿ ಕೊಟ್ಟೂರು, ಹರಪನಹಳ್ಳಿ, ಕೂಡ್ಲಿಗಿಯ ಹುಡುಗ ಹುಡುಗಿಯರಿಗೆ ಒಂದು ಅಭ್ಯಾಸದ ಹಾದಿಯಾದರೂ ಬೇಕು. ಕರಡಿಧಾಮದಿಂದ ದೂರ, ಊರಿಗೆ ಹತ್ತಿರದ ಬೋಳು ಮರಡಿಯೊಂದನ್ನು ಅರಣ್ಯ ಇಲಾಖೆ ಮತ್ತು ಪಂಚಾಯಿತಿ ಕೂಡಿ ಗುರುತಿಸಿಕೊಟ್ಟರೆ, ಮಣ್ಣು ಕೊರೆಯದಂತೆ ಕಲ್ಲಿನ ಮೇಲೆಯೇ ಜಾಡು ಎಳೆಯಬಹುದು. ಜೆಸಿಬಿ ತರುವ ಅಗತ್ಯವೇ ಇಲ್ಲ. ಸುಣ್ಣದ ಗುರುತು ಹಾಕಿದರೆ ಹಾದಿ ಸಿದ್ಧ.