ಪರರಂಗದ ಪ್ರೀತಿ: ಕಾಶಿಯ ನಿದರ್ಶನದಿಂದ ಒಂದು ವಿಮರ್ಶೆ

೧

ಒಂದು ನಾಡಿನ ಜನರು ಮತ್ತೊಂದು ನಾಡಿನ ನಾಟಕವನ್ನು ತಮ್ಮದಕ್ಕಿಂತ ಮಿಗಿಲಾಗಿ ಮೆಚ್ಚುವುದು ಸಾಹಿತ್ಯಚರಿತ್ರೆಯಲ್ಲಿ ಅಪೂರ್ವವಾದ ಸಂಗತಿಯೇನೂ ಅಲ್ಲ. ಆ ಮೆಚ್ಚುಗೆಯನ್ನು ಕಂಡು ಒಬ್ಬರು ಹಿಗ್ಗುವುದೂ ಮತ್ತೊಬ್ಬರು ಕುಗ್ಗುವುದೂ ಲೋಕಸಹಜವೇ. ಆದರೆ ಆ ಪ್ರೀತಿ ಎಂಥದು, ಅದರಿಂದ ಪ್ರೀತಿಸಿದವರಿಗೂ ಪ್ರೀತಿಗೆ ಪಾತ್ರರಾದವರಿಗೂ ಲಭಿಸಿದ್ದೇನು ಎಂಬ ವಿಚಾರ ಮಾತ್ರ ಸಾಕಷ್ಟು ನಡೆದಂತೆ ತೋರುವುದಿಲ್ಲ. ಹೊರನಾಡಿನಲ್ಲಿ ನೆಲಸಿದ ಕನ್ನಡಿಗರಿಗೆ ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ನೆರೆಹೊರೆಯವರು ಕನ್ನಡ ನೆಲದ ಕೃತಿಯೊಂದನ್ನು ಕೊಂಡಾಡಿದಾಗ ಅದು ಕನ್ನಡಕ್ಕೆ ಸಂದ ಗೌರವವೇ ಅಲ್ಲವೇ ಎಂಬುದನ್ನು ಅವರು ತಮ್ಮೊಳಗೇ ನಿರ್ಣಯಿಸಿಕೊಳ್ಳಬೇಕಾಗುತ್ತದೆ.

ಈ ವಿಚಾರಕ್ಕೆ ಒಂದು ಪ್ರಸಿದ್ಧವಾದ ವಿದೇಶೀ ನಿದರ್ಶನವುಂಟು. ಇಂಗ್ಲೆಂಡಿನ ಬಿ.ಬಿ.ಸಿ. ೧೯೬೭ರಲ್ಲಿ ಗಾಲ್ಸ್‌ವರ್ದಿಯ ಕಾದಂಬರಿಗಳನ್ನು ಆಧರಿಸಿ 'ಫಾರ್ಸೈಟ್ ಸಾಗಾ' ಎಂಬ ಇಪ್ಪತ್ತಾರು ಕಂತುಗಳ ದೂರದರ್ಶನ ನಾಟಕವನ್ನು ಪ್ರಸಾರಮಾಡಿತು. ಅದು ೧೯೬೯ರಲ್ಲಿ ಅಮೆರಿಕದಲ್ಲಿ ತೋರಿಬಂದಾಗ ಅಲ್ಲಿನ ಪ್ರೇಕ್ಷಕರು ಅದನ್ನು ಅತ್ಯಾದರದಿಂದ ಸ್ವೀಕರಿಸಿದರು. ಅದರ ಬೆನ್ನಿಗೇ ೧೯೭೧ರ ಜನವರಿಯಲ್ಲಿ ಬಾಸ್ಟನ್ನಿನ ಸಾರ್ವಜನಿಕ ನಿಲಯವೊಂದು ಇಂಗ್ಲಿಷ್ ಧಾರಾವಾಹಿಗಳಿಗೆಂದೇ 'ಮಾಸ್ಟರ್‌ಪೀಸ್ ಥಿಯೇಟರ್' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪೌರನಾಗಿದ್ದ ಆಲಿಸ್ಟೇರ್ ಕುಕ್ ೧೯೯೨ರವರೆಗೂ ಅದರ ಪೀಠಿಕಾಕಾರನಾಗಿದ್ದನು. ೨೦೧೧ರಲ್ಲಿ 'ಡೌನ್‌ಟನ್ ಆ್ಯಬಿ' ಅಮೆರಿಕನ್ನರ ಮನೆಮನೆಯ ಮಾತಾದದ್ದೂ ಈ ಕಾರ್ಯಕ್ರಮದ ಮೂಲಕವೇ.

ಆದರೆ ಇಲ್ಲಿ ಗಮನಿಸತಕ್ಕ ಮತ್ತೊಂದು ಅಂಶವುಂಟು. ಅದೇ ೧೯೭೧ರಲ್ಲಿ ಅಮೆರಿಕದ ವಾಣಿಜ್ಯ ವಾಹಿನಿಯೊಂದು ಇಂಗ್ಲೆಂಡಿನ 'ಟಿಲ್ ಡೆತ್ ಅಸ್ ಡು ಪಾರ್ಟ್' ಎಂಬ ಹಾಸ್ಯ ಧಾರಾವಾಹಿಯನ್ನು 'ಆಲ್ ಇನ್ ದಿ ಫ್ಯಾಮಿಲಿ' ಎಂದು ಬದಲಿಸಿ ಪ್ರಸಾರಮಾಡತೊಡಗಿತು. ಮರುವರ್ಷ 'ಸ್ಟೆಪ್ಟೋ ಆ್ಯಂಡ್ ಸನ್' ಎಂಬ ಗುಜರಿ ವ್ಯಾಪಾರಿಗಳ ಕಥೆ 'ಸ್ಯಾನ್‌ಫರ್ಡ್ ಆ್ಯಂಡ್ ಸನ್' ಆಗಿ, ಲಾಸ್ ಏಂಜಲಿಸ್ಸಿನ ನೀಗ್ರೋ ಜನಾಂಗದ ತಂದೆಮಕ್ಕಳ ಕಥೆಯಾಗಿ ಮಾರ್ಪಟ್ಟಿತು. ಅರಮನೆಗಳ ಮತ್ತು ಶ್ರೀಮಂತರ ಕಥೆಗಳು ಇದ್ದಂತೆಯೇ ಬಂದುವು. ಬಡವರ ಮನೆಯ ಕಥೆಗಳು ವೇಷ ಬದಲಿಸಿ ಬಂದುವು. ದೂರದ ವೈಭವವನ್ನು ದೂರದಲ್ಲಿಟ್ಟೇ ನೋಡುವ ಬಯಕೆ ಒಂದು. ಹತ್ತಿರದ ಬಾಳನ್ನು ತನ್ನದನ್ನಾಗಿ ಮಾಡಿಕೊಳ್ಳುವ ಬಯಕೆ ಇನ್ನೊಂದು. ಮೊದಲನೆಯದನ್ನು ನೋಟದ ಪ್ರೀತಿಯೆಂದೂ ಎರಡನೆಯದನ್ನು ವೇಷಾಂತರದ ಪ್ರೀತಿಯೆಂದೂ ಕರೆಯಬಹುದು. ಈ ಎರಡು ಜನಗಳ ಭಾಷೆ ಒಂದೇ ಆದುದರಿಂದ ಮೂರನೆಯದಾದ ಭಾಷಾಂತರದ ಪ್ರೀತಿಗೆ ಅಲ್ಲಿ ಅವಕಾಶವಿರಲಿಲ್ಲ. ಅದನ್ನು ಕಾಣಬೇಕಾದರೆ ಭಾರತಕ್ಕೇ, ವಿಶೇಷವಾಗಿ ಕಾಶಿಗೇ ಬರಬೇಕು.

೨

ಕಾಶಿಯು ಯಾವ ಒಂದು ಪ್ರಾಂತಕ್ಕೂ ಸೇರಿದ ಊರಲ್ಲ. ಜಂಗಮವಾಡಿಯ ಮಠ, ಹನುಮಾನ್ ಘಾಟಿನ ಬಳಿಯ ಕರ್ನಾಟಕ ಘಾಟು, ನಾಲ್ವಡಿ ಕೃಷ್ಣರಾಜ ಒಡೆಯರು ಪ್ರಥಮ ಕುಲಾಧಿಪತಿಗಳಾಗಿದ್ದ ಹಿಂದೂ ವಿಶ್ವವಿದ್ಯಾಲಯ, ಇವೆಲ್ಲವೂ ಕನ್ನಡಿಗರಿಗೆ ಆ ಊರಿನೊಡನಿರುವ ನಂಟನ್ನು ಸಾರುತ್ತವೆ. ಹಿಂದೀ ಭಾಷೆಯ ಆಧುನಿಕ ನಾಟಕ ಹುಟ್ಟಿದ್ದೂ ಇಲ್ಲಿಯೇ. ಅದರ ಜನಕನೆನಿಸಿದ ಭಾರತೇಂದು ಹರಿಶ್ಚಂದ್ರನು (೧೮೫೦–೧೮೮೫) ತನ್ನ ನಾಟಕರಚನೆಯನ್ನು ಪರಭಾಷೆಯಿಂದಲೇ ಆರಂಭಿಸಿದನೆಂಬುದು ಸ್ಮರಣೀಯ. ೧೮೬೮ರ 'ವಿದ್ಯಾಸುಂದರ'ಕ್ಕೆ ಬಂಗಾಳಿ ನಾಟಕವೇ ಮೂಲ. ೧೮೮೦ರಲ್ಲಿ ಷೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ಅವನ ಕೈಯಲ್ಲಿ 'ದುರ್ಲಭ ಬಂಧು'ವಾಯಿತು. ಅಲ್ಲಿ ಅಂಟೋನಿಯೋ ಅನಂತನಾದನು, ಬಸಾನಿಯೋ ಬಸಂತನಾದನು, ಪೋರ್ಷಿಯಾ ಪುರಶ್ರೀಯಾದಳು, ಷೈಲಾಕನು ಶೈಲಾಕ್ಷನಾದನು. ಕನ್ನಡದಲ್ಲಿ ಒಥೆಲೋ 'ಶೂರಸೇನ'ನಾದಂತೆ, ಮುಂದೆ ಕುವೆಂಪು ಅವರ ಕೈಯಲ್ಲಿ ಹ್ಯಾಮ್ಲೆಟನ ವಸ್ತು 'ರಕ್ತಾಕ್ಷಿ'ಯಾದಂತೆ, ಇದೂ ವೇಷಾಂತರವೇ.

ಹೀಗೆ ಪರರಂಗಕ್ಕೆ ಬಾಗಿಲು ತೆರೆದಿಟ್ಟ ಭಾರತೇಂದುವೇ ಇನ್ನೊಂದು ಪರರಂಗಕ್ಕೆ ಬಾಗಿಲು ಮುಚ್ಚಲು ಹೊರಟನು. ಮುಂಬಯಿಯ ಪಾರಸೀ ನಾಟಕ ಮಂಡಲಿಯೊಂದು ಕಾಶಿಯಲ್ಲಿ 'ಶಾಕುಂತಲ'ವನ್ನು ಆಡಿತು. ಧೀರೋದಾತ್ತ ನಾಯಕನಾದ ದುಷ್ಯಂತನು ಸೊಂಟದ ಮೇಲೆ ಕೈಯಿಟ್ಟು ಕುಣಿಯತೊಡಗಿದನು. ಆಗ ಮುಂದೆ ಶಾಂಕರಭಾಷ್ಯವನ್ನು ಇಂಗ್ಲಿಷಿಗೆ ಪರಿವರ್ತಿಸಿದ ಪಂಡಿತ ಥೀಬೋ, ಬಾಬು ಪ್ರಮದಾದಾಸ ಮಿತ್ರ ಮುಂತಾದ ವಿದ್ವಾಂಸರು ಇದನ್ನು ಇನ್ನು ನೋಡಲಾಗದೆಂದು ಎದ್ದು ಹೊರಟುಹೋದರಂತೆ. ೧೮೮೩ರ ತನ್ನ 'ನಾಟಕ' ಎಂಬ ಪ್ರಬಂಧದಲ್ಲಿ ಭಾರತೇಂದು ಈ ವೃತ್ತಾಂತವನ್ನು ಜುಗುಪ್ಸೆಯಿಂದ ದಾಖಲಿಸಿದ್ದಾನೆ.

ವಿದ್ವಾಂಸರು ಎದ್ದುಹೋದರೂ ಸಭೆ ಬರಿದಾಗಲಿಲ್ಲ. ಪಾರಸೀ ರಂಗದ ಮೇಲಣ ಜನರ ಮೋಹ ಬೆಳೆಯುತ್ತಲೇ ಹೋಯಿತು. ಅಷ್ಟೇ ಅಲ್ಲ, ಆ ರಂಗದ ಅತ್ಯಂತ ಪ್ರಖ್ಯಾತ ನಾಟಕಕಾರನೂ ಕಾಶಿಯ ಮಗನೇ ಆದನು. ಆಗಾ ಹಶ್ರ್ ಕಾಶ್ಮೀರಿಯು ೧೮೭೯ರಲ್ಲಿ ಹುಟ್ಟಿದ್ದು ಬನಾರಸಿನಲ್ಲಿ. 'ಕಿಂಗ್ ಲಿಯರ್' ಅವನ ಲೇಖನಿಯಿಂದ 'ಸಫೇದ್ ಖೂನ್' ಎಂದು ಉರ್ದು ವೇಷ ತೊಟ್ಟಿತು. ಒಂದೇ ಊರಿನ ಇಬ್ಬರು ನಾಟಕಕಾರರು ಒಬ್ಬನೇ ಆಂಗ್ಲ ಕವಿಯನ್ನು ಎರಡು ಬೇರೆ ಬೇರೆ ದಾರಿಗಳಿಂದ ಮನೆಗೆ ಕರೆತಂದರು. ಒಬ್ಬನು ಸಾಹಿತ್ಯದ ಪಡಸಾಲೆಗೆ, ಇನ್ನೊಬ್ಬನು ಬಯಲಿನ ಡೇರೆಗೆ. ಪಡಸಾಲೆಯವರು ಡೇರೆಯವರನ್ನು ಕೀಳೆಂದು ಬಗೆದರು. ಆ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದದ್ದು? ಇದಕ್ಕೆ ಉತ್ತರ ಕನ್ನಡ ನಾಡಿನ ರಂಗಚರಿತ್ರೆಯಲ್ಲಿ ಅಡಗಿದೆ.

೩

ಕನ್ನಡಿಗರೂ ಒಂದು ಕಾಲದಲ್ಲಿ ಪರರಂಗದ ಮೋಹಕ್ಕೆ ಒಳಗಾಗಿದ್ದವರೇ. ೧೮೪೩ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ'ವನ್ನು ಆಡಿಸಿದರು. ಅದಕ್ಕೆ ಪ್ರೇರಣೆಯೊದಗಿಸಿದ್ದು ಕರ್ನಾಟಕದ ಭಾಗವತರ ಆಟವೆಂಬುದು ಮರಾಠಿಯ ಚರಿತ್ರಕಾರರೂ ಒಪ್ಪಿದ ಮಾತು. ಆದರೆ ಕೆಲವೇ ದಶಕಗಳಲ್ಲಿ ಮರಾಠೀ ಮಂಡಲಿಗಳು ಉತ್ತರ ಕರ್ನಾಟಕದ ಊರೂರುಗಳಲ್ಲಿ ಡೇರೆ ಹೂಡಿ, ಕನ್ನಡಿಗರು ತಮ್ಮ ಮನೆಯಿಂದ ಹೋದ ಬೀಜದ ಫಲವನ್ನೇ ಪರಕೀಯ ವಸ್ತುವೆಂದು ಬೆರಗಾಗಿ ನೋಡುವ ಕಾಲ ಬಂದಿತು. ಇದನ್ನು ಸಹಿಸಲಾರದೆ ಗದಗಿನ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, ೧೮೭೦ರ ದಶಕದಲ್ಲಿ ಕನ್ನಡದ ಮಂಡಲಿಯನ್ನು ಕಟ್ಟಿ 'ಉಷಾಹರಣ' ಮೊದಲಾದ ನಾಟಕಗಳನ್ನು ಬರೆದು ಆಡಿಸಿದರು. ಮೋಹಕ್ಕೆ ಅವರು ಕೊಟ್ಟ ಉತ್ತರ ನಿಂದೆಯಲ್ಲ, ನಿರ್ಮಾಣ. ಎದ್ದುಹೋದ ಕಾಶಿಯ ಪಂಡಿತರಿಗೂ ಕುಳಿತು ಬರೆದ ಗದಗಿನ ಕವಿಗೂ ಇರುವ ಅಂತರ ಇಷ್ಟೇ. ಆದರೆ ಇದು ಅಲ್ಪವಾದ ಅಂತರವಲ್ಲ.

ಇತ್ತ ಮೈಸೂರು ಸೀಮೆಗೂ ಪಾರಸೀ ಮಂಡಲಿಗಳು ಬಂದುವು. ಅವುಗಳ ಚಿತ್ರಿತ ಪರದೆ, ಹಾರ್ಮೋನಿಯಂ, ಬೆರಗುಗೊಳಿಸುವ ರಂಗಸಜ್ಜಿಕೆ ಇವುಗಳನ್ನು ಕನ್ನಡದ ಕಂಪನಿಗಳು ಮನಸಾರೆ ಕಲಿತುವು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಚೆನ್ನಬಸವೇಶ್ವರ ನಾಟಕ ಸಂಘ ಆ ವಿದ್ಯೆಯನ್ನು ಪರಾಕಾಷ್ಠೆಗೆ ಮುಟ್ಟಿಸಿತು. ಅದರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದುವು. ದಕ್ಷಿಣ ಕನ್ನಡದ ಬಾಬುಕೋಡಿಯಲ್ಲಿ ೧೯೨೯ರಲ್ಲಿ ಹುಟ್ಟಿದ ಬಿ. ವಿ. ಕಾರಂತರು ಬಾಲ್ಯದಲ್ಲಿ ಮನೆ ಬಿಟ್ಟು ಓಡಿಬಂದು ಸೇರಿದ್ದು ಈ ಕಂಪನಿಯನ್ನು. ಅವರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿಕೊಟ್ಟವರು ಗುಬ್ಬಿ ವೀರಣ್ಣನವರೇ. ಕಾರಂತರು ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದೀ ಸಾಹಿತ್ಯವನ್ನು ಓದಿದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನು ಅಭ್ಯಾಸಮಾಡಿದರು.

ಇದರ ಫಲ ಏನಾಯಿತೆಂಬುದು ಸರ್ವವಿದಿತ. ಗಿರೀಶ ಕಾರ್ನಾಡರ 'ತುಘಲಕ್' (೧೯೬೪) ಕಾರಂತರ ಭಾಷಾಂತರದ ಮೂಲಕ ಉತ್ತರ ಭಾರತದ ರಂಗಕ್ಕೆ ಬಂದಿತು. ಅಲ್ಕಾಜಿಯವರು ಅದನ್ನು ದೆಹಲಿಯ ಪುರಾನಾ ಕಿಲಾದ ಬಯಲಿನಲ್ಲಿ ಆಡಿಸಿದರು. 'ಹಯವದನ'ವೂ ಕಾರಂತರಿಂದಲೇ ಹಿಂದಿಯಾಯಿತು. ೧೯೭೭ರಿಂದ ೧೯೮೧ರವರೆಗೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದಾಗ ಅವರು ರಘುವೀರ ಸಹಾಯರ ಹಿಂದೀ ಪಠ್ಯವನ್ನು ತೆಗೆದುಕೊಂಡು, ಮ್ಯಾಕ್‌ಬೆತನನ್ನು ಯಕ್ಷಗಾನದ ಹೆಜ್ಜೆಗಳಲ್ಲಿ ಕುಣಿಸಿ 'ಬರ್ನಂ ವನ'ವನ್ನು ರಚಿಸಿದರು. ಭಾರತೇಂದುವಿನ 'ಅಂಧೇರ್ ನಗರೀ' (೧೮೮೧) ಸಹ ಅವರ ಸಂಗೀತ ನಿರ್ದೇಶನಗಳಿಂದ ಹೊಸ ಬಾಳನ್ನು ಪಡೆಯಿತು.

ಈ ಕೊನೆಯ ಸಂಗತಿಯಲ್ಲಿ ಚರಿತ್ರೆಯ ಒಂದು ಗೂಢವಾದ ನ್ಯಾಯವಿದೆ. ಸೊಪ್ಪಿಗೂ ಮಿಠಾಯಿಗೂ ಒಂದೇ ಬೆಲೆಯಿರುವ ಮೂಢರಾಜನ ಪಟ್ಟಣದ ಕಥೆ ಅದು. ಅದರ ಸಂತೆಯ ದೃಶ್ಯದಲ್ಲಿ ಮಾರುವವರ ಕೂಗುಗಳೇ ಪದ್ಯಗಳಾಗಿವೆ. ಆ ಪದ್ಯಗಳನ್ನು ಓದಿ ಮುಗಿಸಿದರೆ ಸಾಲದು, ಹಾಡಬೇಕು. ಹಾಡಿದರೆ ಸಾಲದು, ಮೈಯಲ್ಲಿ ಕಾಣಿಸಬೇಕು. ಈ ವಿದ್ಯೆ ಕಾರಂತರಿಗೆ ದೊರೆತದ್ದು ಕಂಪನಿಯ ರಂಗದಲ್ಲಿ. ಕಂಪನಿಗೆ ಅದರ ಒಂದಂಶ ದೊರೆತದ್ದು ಭಾರತೇಂದು ಹೇಸಿದ ಪಾರಸೀ ಡೇರೆಯಲ್ಲಿ. ಕಾಶಿಯ ವಿದ್ವಾಂಸರು ತಿರಸ್ಕರಿಸಿದ ಕಲೆ ಮುಂಬಯಿಯಿಂದ ಗುಬ್ಬಿಗೆ ಇಳಿದು, ಕನ್ನಡದ ಬಾಲಕನೊಬ್ಬನ ಕೊರಳನ್ನು ಸೇರಿ, ಮರಳಿ ಕಾಶಿಯ ಮಹಾಕವಿಯ ನಾಟಕಕ್ಕೇ ಉಸಿರಾಯಿತು. ಆದ್ದರಿಂದ ಜನರ ಮೋಹವನ್ನು ಅದು ಮೋಹವೆಂಬ ಕಾರಣಕ್ಕೇ ಹಳಿಯುವುದು ವಿಮರ್ಶೆಯಲ್ಲ. ಆ ಮೋಹದಿಂದ ಯಾರು ಏನನ್ನು ಕಲಿತರು ಎಂದು ಕೇಳುವುದು ವಿಮರ್ಶೆ.

೪

ಈ ಒರೆಗಲ್ಲನ್ನು ಇತ್ತೀಚಿನ ಕಾಲಕ್ಕೂ ಹಚ್ಚಿ ನೋಡಬಹುದು. ೧೯೮೦ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಬಂದ 'ಮಾಲ್ಗುಡಿ ಡೇಸ್' ಹಿಂದೀ ನಾಡಿನ ಪ್ರೇಕ್ಷಕರ ಮನಸ್ಸಿನಲ್ಲಿ ಅಚ್ಚಳಿಯದೆ ನಿಂತ ಧಾರಾವಾಹಿ. ನಿರ್ದೇಶಕರು ಶಂಕರ್ ನಾಗ್. ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ್. ನೆಲ ಕನ್ನಡದ್ದು, ಮಳೆ ಕನ್ನಡದ್ದು, ಮುಖಗಳು ಬಹುಮಟ್ಟಿಗೆ ಕನ್ನಡದವು. ಆದರೆ ಕಥೆಯ ಮೂಲಭಾಷೆ ಇಂಗ್ಲಿಷು, ಆಡಿದ ಮಾತು ಹಿಂದಿ. ಎರಡರ ನಡುವೆ ಕನ್ನಡಕ್ಕೆ ಕುಳಿತುಕೊಳ್ಳಲು ಒಂದು ಮಣೆಯೂ ಇರಲಿಲ್ಲ. ಗಂಗಾತೀರದ ಪ್ರೇಕ್ಷಕನಿಗೆ ಆ ಊರು ಅತ್ಯಂತ ಪ್ರಿಯವಾಯಿತು. ಆದರೆ ಆ ಊರಿನ ಜನ ಮನೆಯಲ್ಲಿ ಯಾವ ಮಾತಾಡುತ್ತಾರೆಂದು ಅವನು ಕೇಳಬೇಕಾದ ಸಂದರ್ಭವೇ ಒದಗಲಿಲ್ಲ. ಅಮೆರಿಕದ ಪ್ರೇಕ್ಷಕನು ಇಂಗ್ಲೆಂಡಿನ ಮನೆಗಳನ್ನು ನೋಡಿದಂತೆ ಇದೂ ಕಿಟಕಿಯಾಚೆಯ ನೋಟ. ಒಂದು ವ್ಯತ್ಯಾಸ ಮಾತ್ರ ಇದೆ. ಅಮೆರಿಕನ್ನನಿಗೆ ತಾನು ನೋಡುತ್ತಿರುವುದು ಇಂಗ್ಲೆಂಡನ್ನೆಂದು ತಿಳಿದಿತ್ತು. ಇಲ್ಲಿ ನೋಡಿದವನಿಗೆ ಅದು 'ದಕ್ಷಿಣ'ವೆಂದಷ್ಟೇ ತಿಳಿಯಿತು.

ಇದರಿಂದ ಆ ಕೃತಿಯ ಗುಣಕ್ಕೆ ಕುಂದೇನೂ ಬರುವುದಿಲ್ಲ. ಶಂಕರ್ ನಾಗರ ಸಂಯಮ, ಎಳೆಯರ ಮನಸ್ಸನ್ನು ಗೌರವಿಸುವ ಅವರ ದೃಷ್ಟಿ, ಸಾಮಾನ್ಯ ಬಾಳಿನಲ್ಲಿ ಕಂಡ ಘನತೆ ಎಲ್ಲ ಕಾಲಕ್ಕೂ ಮೆಚ್ಚತಕ್ಕವು. ಪ್ರಶ್ನೆ ಕೃತಿಯ ಯೋಗ್ಯತೆಯದಲ್ಲ, ಅದರ ಸುತ್ತ ಬೆಳೆದ ಪ್ರೀತಿಯ ಸ್ವರೂಪದ್ದು. ೨೦೨೨ರಲ್ಲಿ 'ಕೆ.ಜಿ.ಎಫ್.' ಚಿತ್ರದ ಎರಡನೆಯ ಭಾಗವೂ 'ಕಾಂತಾರ'ವೂ ಹಿಂದೀ ಧ್ವನಿಯಲ್ಲಿ ಉತ್ತರ ಭಾರತವನ್ನು ವ್ಯಾಪಿಸಿದಾಗ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಯಿತು. 'ಕಾಂತಾರ'ದ ಜೀವಾಳವಾದ ಭೂತಾರಾಧನೆ ತುಳುನಾಡಿನ ಒಂದು ನಿರ್ದಿಷ್ಟವಾದ ಸಂಪ್ರದಾಯ. ಅದಕ್ಕೆ ತನ್ನದೇ ಪಾಡ್ದನಗಳುಂಟು, ತನ್ನದೇ ಕಟ್ಟುಕಟ್ಟಳೆಗಳುಂಟು. ಡಬ್ಬಿಂಗಿನ ದಾರಿಯಲ್ಲಿ ಉಗ್ರವಾದ ದೃಶ್ಯ ಉಳಿಯುತ್ತದೆ, ದೈವದ ನುಡಿಕಟ್ಟಿನ ಸೂಕ್ಷ್ಮ ಕರಗುತ್ತದೆ. ಗಳಿಕೆಯ ಕೋಟಿಗಳನ್ನು ಎಣಿಸಿ ಇದು ಕನ್ನಡದ ದಿಗ್ವಿಜಯವೆಂದು ಸಂಭ್ರಮಿಸುವವರು ಉಳಿದದ್ದೆಷ್ಟು, ಕರಗಿದ್ದೆಷ್ಟು ಎಂಬ ಲೆಕ್ಕವನ್ನೂ ಇಡಬೇಕಾಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಭಾಷಾಂತರದಲ್ಲಿಯೂ ಮೂಲಭಾಷೆ ಮರೆಯಾಗುತ್ತದೆಯಲ್ಲವೇ, ದೆಹಲಿಯಲ್ಲಿ ಆಡಿದ ತುಘಲಕನೂ ಕನ್ನಡ ಮಾತಾಡಲಿಲ್ಲವಷ್ಟೇ, ಎಂದು ಕೇಳಬಹುದು. ಆಕ್ಷೇಪ ನಿಜವಾದದ್ದೇ. ಆದರೆ ಅಲ್ಲಿ ಕನ್ನಡದಲ್ಲಿ ಮೊದಲು ಒಂದು ಕೃತಿಯಿತ್ತು. ಅದನ್ನು ಓದಿ, ತೂಗಿ, ಎರಡು ಭಾಷೆಗಳಲ್ಲಿ ನುರಿತ ಒಬ್ಬನು ದಾಟಿಸಿದನು. ನೋಡಿದವರು ಅದನ್ನು ಕನ್ನಡದ ನಾಟಕವೆಂದೇ ಹೆಸರಿಸಿದರು. ಅದಕ್ಕಿಂತ ಮುಖ್ಯವಾಗಿ, ಆ ದಾರಿ ಒಮ್ಮುಖವಾಗಿರಲಿಲ್ಲ. ಮೋಹನ ರಾಕೇಶರ ಹಿಂದೀ ನಾಟಕಗಳೂ ಬಾದಲ್ ಸರ್ಕಾರರ ಬಂಗಾಳಿ ನಾಟಕಗಳೂ ಅದೇ ಕಾಲದಲ್ಲಿ ಕನ್ನಡಕ್ಕೆ ಬಂದುವು. ಕೊಟ್ಟವರು ಪಡೆದರು, ಪಡೆದವರು ಕೊಟ್ಟರು. ನೋಟದ ಪ್ರೀತಿಗೆ ಪ್ರೇಕ್ಷಕನು ತೆರಬೇಕಾದ ಬೆಲೆ ಏನೂ ಇಲ್ಲ. ವೇಷಾಂತರದ ಪ್ರೀತಿಯಲ್ಲಿ ಶ್ರಮವಿದೆ. ಆದರೆ ಮೂಲದ ಋಣವನ್ನು ಅದು ಹೇಳಿದರೂ ಹೇಳಬಹುದು, ಬಿಟ್ಟರೂ ಬಿಡಬಹುದು. ಭಾಷಾಂತರದ ಪ್ರೀತಿ ಮಾತ್ರ ಶ್ರಮವನ್ನೂ ಪಡುತ್ತದೆ, ಋಣವನ್ನೂ ಒಪ್ಪಿಕೊಳ್ಳುತ್ತದೆ.

೫

ಈ ಶ್ರಮವನ್ನು ಪಡತಕ್ಕವರು ಯಾರು? ಕಾರಂತರ ನಿದರ್ಶನವೇ ಉತ್ತರ ಕೊಡುತ್ತದೆ. ಬೆಂಗಳೂರಿನಲ್ಲಿಯೇ ಉಳಿದವನಿಂದ ಆ ಕೆಲಸ ಆಗುತ್ತಿರಲಿಲ್ಲ. ಕಾಶಿಯಲ್ಲಿ ಕನ್ನಡವನ್ನು ಮರೆತವನಿಂದಲೂ ಆಗುತ್ತಿರಲಿಲ್ಲ. ಎರಡು ಮನೆಗಳಲ್ಲಿ ಕಾಲಿಟ್ಟವನಿಂದಲೇ ಅದು ಸಾಧ್ಯವಾಯಿತು. ಅವರ ಆತ್ಮಕಥನಕ್ಕೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಎಂಬ ಹೆಸರು ಬಂದದ್ದು ಅರ್ಥಪೂರ್ಣ. ಹೊರನಾಡ ಕನ್ನಡಿಗನು ಸಾಮಾನ್ಯವಾಗಿ ತನ್ನ ಕೊರತೆಯೆಂದು ಬಗೆಯುವ ಸ್ಥಿತಿಯೇ ಭಾಷಾಂತರಕಾರನ ಬಂಡವಾಳ.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವದ ದಿನ ಕನ್ನಡ ನಾಟಕವನ್ನಾಡಿ ತಮ್ಮವರಿಗೆ ತೋರಿಸಿಕೊಳ್ಳುವುದು ಅವಶ್ಯವಾದ ಕಾರ್ಯವೇ. ಆದರೆ ಅಷ್ಟರಿಂದ ಕರ್ತವ್ಯ ತೀರುವುದಿಲ್ಲ. ತಾವು ನೆಲಸಿದ ನಾಡಿನ ಭಾಷೆಗೆ ಕನ್ನಡದ ಒಂದು ಒಳ್ಳೆಯ ನಾಟಕವನ್ನು ದಾಟಿಸುವುದು, ಆ ನಾಡಿನ ಒಂದನ್ನು ಕನ್ನಡಕ್ಕೆ ತರುವುದು, ಈ ಕೊಡುಕೊಳೆಗೆ ಬೇಕಾದ ದ್ವಿಭಾಷಾವಿದ್ವತ್ತನ್ನು ಮುಂದಿನ ಪೀಳಿಗೆಯಲ್ಲಿ ಬೆಳಸುವುದು, ಇದು ಅವುಗಳಿಗೇ ವಿಶೇಷವಾಗಿ ಸಲ್ಲುವ ಕೆಲಸ. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳು ಆಗುಂಬೆಯ ಮಳೆಯನ್ನು ಹಿಂದಿಯಲ್ಲಿ ಕಂಡು ಮೆಚ್ಚಿದರೆ ಅದರಲ್ಲಿ ತಪ್ಪಿಲ್ಲ. ಆ ಮಳೆಗೆ ಕನ್ನಡದಲ್ಲಿಯೂ ಒಂದು ಮಾತಿದೆಯೆಂದು ಅವರಿಗೆ ತಿಳಿಸಿಕೊಡುವವರು ಇಲ್ಲದೆ ಹೋದರೆ ಮಾತ್ರ ಪರರ ಪ್ರೀತಿಯಿಂದ ಕನ್ನಡಕ್ಕೆ ಆದ ಲಾಭ ಶೂನ್ಯ.